ದೊಡ್ಡ ಅಂಗಡಿಯ ಡ್ರಿಲ್ಲು: ಅಸಲಿಯೋ, ಡಬ್ಬಾವೋ?

(ನಮ್ಮ ಪ್ರತಿನಿಧಿಯಿಂದ)

ಬೆಂಗಳೂರು ದಕ್ಷಿಣ: "ಅಲ್ಲಿ ತಗೋಬೇಡಿ ಸಾರ್, ಅದು ಸೆಕೆಂಡ್ಸ್ ಮಾಲು. ದೊಡ್ಡ ಅಂಗಡಿಗೇ ಅಂತ ಕಂಪನಿಯೋರು ಬೇರೆ ಮಾಡಿ ಕಳಿಸ್ತಾರೆ." ಬನಶಂಕರಿಯಿಂದ ಹಿಡಿದು ಬಿ.ಟಿ.ಎಂ. ಲೇಔಟಿನವರೆಗೆ ಯಾವ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತರೂ ಕೇಳಿಬರುವ ಮಾತಿದು. ಅದೇ ರಸ್ತೆಯ ಫ್ಲಾಟಿನವರನ್ನು ಮಾತಾಡಿಸಿ ನೋಡಿ, ರಾಗ ಪೂರ್ತಿ ಉಲ್ಟಾ. "ಪೇಟೆಯೋರು ಡೂಪ್ಲಿಕೇಟ್ ಕೊಟ್ಟುಬಿಡ್ತಾರೆ ಕಣ್ರೀ, ದೊಡ್ಡ ಅಂಗಡಿಯಲ್ಲಾದ್ರೆ ಬಿಲ್ಲಾದ್ರೂ ಸಿಗುತ್ತೆ" ಅಂತ.

ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡವನು ದುಡಿಯುವವನು. ಬಡಗಿ, ಎಲೆಕ್ಟ್ರಿಷಿಯನ್ನು, ಪ್ಲಂಬರು, ಅಲ್ಯೂಮಿನಿಯಂ ಕಿಟಕಿ ಕೂರಿಸುವವನು. ಅವನಿಗೆ ಡ್ರಿಲ್ಲಿಂಗ್ ಮಷೀನು ಅಂದರೆ ಗೋಡೆಗೆ ಫೋಟೋ ನೇತುಹಾಕುವ ಸಾಮಾನಲ್ಲ, ಅವತ್ತಿನ ಅನ್ನ. ಮಷೀನು ಮಧ್ಯಾಹ್ನ ಎರಡು ಗಂಟೆಗೆ ಹೊಗೆ ಬಿಟ್ಟು ಕೂತರೆ ಆ ದಿನದ ಕೂಲಿಯೂ ಹೋಯಿತು, ಮಾರನೇ ದಿನದ ಕೆಲಸವೂ ಬೇರೆಯವನ ಪಾಲಾಯಿತು. ಹಾಗಾಗಿ ಈ ಜಗಳದಲ್ಲಿ ನಿಜ ಎಷ್ಟು, ಬೊಗಳೆ ಎಷ್ಟು ಅಂತ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯವರ ಆರೋಪ ಅರ್ಧ ಸುಳ್ಳು. ಇನ್ನರ್ಧ ಅವರೇ ಅಂದುಕೊಂಡಿರುವುದಕ್ಕಿಂತ ಹೆಚ್ಚು ನಿಜ.

ಮೆಟ್ರೋ ಅಂದರೆ ಅಂಗಡಿ

ಇವತ್ತು ಕನಕಪುರ ರಸ್ತೆಯಲ್ಲಿ "ಮೆಟ್ರೋ" ಅಂದರೆ ಹುಡುಗರು ತಲೆಯೆತ್ತಿ ರೈಲು ನೋಡುತ್ತಾರೆ. ಆ ರೈಲು ಯಲಚೇನಹಳ್ಳಿಗೆ ಬಂದದ್ದು 2017ರ ಜೂನಿನಲ್ಲಿ, ಸಿಲ್ಕ್ ಇನ್‌ಸ್ಟಿಟ್ಯೂಟಿಗೆ ಮುಟ್ಟಿದ್ದು 2021ರ ಜನವರಿಯಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚೆ ಈ ಕಡೆಯ ಕಿರಾಣಿ ಅಂಗಡಿಯವರಿಗೆ ಮೆಟ್ರೋ ಅಂದರೆ ಒಂದೇ ಅರ್ಥ: 2003ರಲ್ಲಿ ಜರ್ಮನಿಯಿಂದ ಬಂದ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ. ಇಡೀ ದೇಶದಲ್ಲಿ ಅದು ಮೊದಲು ಬಾಗಿಲು ತೆಗೆದದ್ದು ನಮ್ಮ ಬೆಂಗಳೂರಿನಲ್ಲೇ, ಯಶವಂತಪುರ ಮತ್ತು ಕನಕಪುರ ರಸ್ತೆಯಲ್ಲಿ. ಕಾರ್ಡು ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ವ್ಯಾಪಾರದ ಲೈಸೆನ್ಸು ತೋರಿಸಿ ಕಾರ್ಡು ಮಾಡಿಸಿಕೊಳ್ಳಬೇಕಿತ್ತು. ಅಕ್ಕಿ, ಎಣ್ಣೆ, ಸೋಪಿನಿಂದ ಹಿಡಿದು ಹೋಟೆಲಿನ ಪಾತ್ರೆ, ಕಚೇರಿಯ ಕುರ್ಚಿಯವರೆಗೆ ಒಂದೇ ಸೂರಿನಡಿ. ಆಗ ನಮ್ಮ ವರ್ತಕರು ಕೂಗಾಡಿದ್ದು ಕಮ್ಮಿಯೇನಲ್ಲ. 2022ರ ಡಿಸೆಂಬರಿನಲ್ಲಿ ರಿಲಯನ್ಸ್ ರೀಟೇಲ್ 2,850 ಕೋಟಿ ರೂಪಾಯಿಗೆ ಇದರ ಭಾರತದ ವ್ಯವಹಾರ ಕೊಳ್ಳುವುದಾಗಿ ಹೇಳಿತು, 2023ರ ಮೇ ತಿಂಗಳಲ್ಲಿ ಕೈಬದಲಾವಣೆ ಮುಗಿಯಿತು. ಆಗ ಅದರ ಅಂಗಡಿಗಳ ಲೆಕ್ಕ 31.

ಅಷ್ಟರಲ್ಲಿ ನಾಗಸಂದ್ರದಲ್ಲಿ 2022ರ ಜೂನ್ 22ಕ್ಕೆ ಸ್ವೀಡನ್ನಿನ ಐಕಿಯಾ ತೆರೆಯಿತು. ನಮ್ಮ ಕಡೆಯ ಜನ ಬನಶಂಕರಿಯಲ್ಲಿ ಹಸಿರು ಮಾರ್ಗದ ರೈಲು ಹತ್ತಿ ನೇರ ನಾಗಸಂದ್ರದಲ್ಲಿ ಇಳಿದು, ಮಕ್ಕಳಿಗೆ ತಿಂಡಿ ಕೊಡಿಸಿ, ವಾಪಸು ಬರುವಾಗ ಕೈಯಲ್ಲೊಂದು ಪುಟ್ಟ ಸ್ಕ್ರೂಡ್ರೈವರ್ ಮಷೀನು ಹಿಡಿದು ಬರುವ ಕಾಲ ಇದು. ಇವೆಲ್ಲದರ ಮೇಲೆ ಮೊಬೈಲಿನಲ್ಲೇ ಬಟನ್ ಒತ್ತಿ ತರಿಸಿಕೊಳ್ಳುವವರು ಬೇರೆ.

ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಹೆಸರಾದದ್ದು ಹೋಮ್ ಡಿಪೋ. 1978ರಲ್ಲಿ ಹುಟ್ಟಿ, ಮರುವರ್ಷ ಅಟ್ಲಾಂಟಾ ಊರಿನಲ್ಲಿ ಮೊದಲ ಅಂಗಡಿಗಳನ್ನು ತೆರೆಯಿತು. ಮರ, ಸಿಮೆಂಟು, ಕೊಳಾಯಿ, ಡ್ರಿಲ್ಲು, ಎಲ್ಲ ಒಂದೇ ಗೋಡೌನಿನಲ್ಲಿ. ಅದು ಭಾರತದಲ್ಲಿ ಅಂಗಡಿ ಹಾಕಿಲ್ಲ. ಆದರೆ "ದೊಡ್ಡ ಅಂಗಡಿಗೆ ಬೇರೆ ಮಾಲು" ಅನ್ನೋ ಗುಮಾನಿ ಅಲ್ಲಿಯ ಬಡಗಿಗಳ ಬಾಯಲ್ಲೂ ಇದೆ. ಅಂದರೆ ಇದು ನಮ್ಮ ಸಾರಕ್ಕಿಯ ಅಂಗಡಿಯವರು ಹೊಟ್ಟೆಕಿಚ್ಚಿಗೆ ಕಟ್ಟಿದ ಕತೆಯೇನಲ್ಲ. ಹಾಗಂತ ನಿಜವೂ ಆಗಬೇಕಿಲ್ಲ.

ಒಂದೇ ನಂಬರು, ಒಂದೇ ಮಷೀನು

ಮಷೀನಿನ ಮೈಮೇಲೆ ಒಂದು ತಗಡಿನ ಅಥವಾ ಕಾಗದದ ಪಟ್ಟಿ ಇರುತ್ತದಲ್ಲ, ಅದರಲ್ಲಿ ಮಾಡೆಲ್ ನಂಬರು ಇರುತ್ತದೆ. ಆ ನಂಬರು ಅಕ್ಷರ ಬಿಡದೆ ಒಂದೇ ಆಗಿದ್ದರೆ, ಎಸ್.ಪಿ. ರೋಡಿನಲ್ಲಿ ಕೊಂಡರೂ ಅಷ್ಟೇ, ಏರ್‌ಕಂಡಿಷನ್ ಅಂಗಡಿಯಲ್ಲಿ ಕೊಂಡರೂ ಅಷ್ಟೇ, ಮಷೀನು ಒಂದೇ.

ಯಾಕೆ ಅಂದರೆ, ಒಂದೇ ನಂಬರಿನಲ್ಲಿ ಕಂಪನಿ ಎರಡು ಥರದ ಮಾಲು ಮಾಡಿತು ಅನ್ನಿ. ಒಳಗಿನ ಆರ್ಮೇಚರ್ರು, ಗೇರು, ಸ್ವಿಚ್ಚು ಬೇರೆ ಬೇರೆ ಆಗಬೇಕು. ನಾಳೆ ಅದು ರಿಪೇರಿಗೆ ಬಂದಾಗ ಸರ್ವಿಸ್ ಸೆಂಟರಿನವನು ಯಾವ ಸಾಮಾನು ಹಾಕಬೇಕು? ಅವನು ಸಾಮಾನು ತರಿಸುವುದೇ ಆ ಮಾಡೆಲ್ ನಂಬರಿನ ಮೇಲೆ, ನೋಡುವ ನಕಾಶೆಯೂ ಆ ನಂಬರಿನದೇ. ಎರಡು ಥರ ಇದ್ದರೆ ಕಂಪನಿಯ ಗೋಡೌನೇ ಗೊಂದಲದ ಗೂಡಾಗುತ್ತದೆ. ಅಂಗಡಿಯವನಿಗೆ ಮೋಸ ಮಾಡೋಕೆ ಅಂತ ತನ್ನ ಕಾಲಿಗೇ ಕೊಡಲಿ ಹಾಕಿಕೊಳ್ಳುವಷ್ಟು ದಡ್ಡರಲ್ಲ ಕಂಪನಿಯವರು.

ಆದರೆ "ನಂಬರು ಒಂದೇ" ಅನ್ನುವ ಮಾತಿನಲ್ಲೇ ಕೊಕ್ಕೆ ಇರುವುದು. ದೊಡ್ಡ ಅಂಗಡಿಯ ಕಪಾಟಿನಲ್ಲಿ ಇರುವುದು ಎಷ್ಟೋ ಸಲ ಬೇರೆ ನಂಬರು. ಬಣ್ಣ ಅದೇ, ಹೆಸರು ಅದೇ, ಬಾಲದಲ್ಲಿ ಒಂದಕ್ಷರ ಬೇರೆ. ಕೊಳ್ಳುವವನು ಹೆಸರು ನೋಡುತ್ತಾನೆ, ಬೆಲೆ ನೋಡುತ್ತಾನೆ. ಬಾಲ ಯಾರು ನೋಡುತ್ತಾರೆ?

ಬಾಷ್ ಕಂಪನಿಯನ್ನೇ ತಗೊಳ್ಳಿ. ನಮ್ಮ ಕಡೆಯವರಿಗೆ ಅದು ಪರದೇಶದ ಹೆಸರಲ್ಲ. ಆಡುಗೋಡಿಯಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮ ಬಾಯಲ್ಲಿ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಹೆಸರು ಹೋದರೂ ಮೈಕೋ ಲೇಔಟು ಮಾತ್ರ ಬಿ.ಟಿ.ಎಂ. ಮಗ್ಗುಲಲ್ಲಿ ಹಾಗೇ ಉಳಿದಿದೆ. ಈ ಬಾಷ್ ಕಂಪನಿ ತನ್ನ ಮಷೀನುಗಳನ್ನು ಎರಡು ಬಣ್ಣದಲ್ಲಿ ಮಾಡುತ್ತದೆ. ನೀಲಿ, ಕೆಲಸಗಾರರಿಗೆ. ಹಸಿರು, ಮನೆಯಲ್ಲಿ ಭಾನುವಾರ ಸ್ಟೂಲು ಹತ್ತುವವರಿಗೆ. ನೀಲಿಯ ನಂಬರು ಜಿ.ಎಸ್.ಬಿ., ಜಿ.ಬಿ.ಎಚ್. ಅಂತ "ಜಿ"ಯಿಂದ ಶುರುವಾಗುತ್ತದೆ. ಹಳೆಯ ಹಸಿರು ಮಾದರಿಗಳು "ಪಿ"ಯಿಂದ. ಈಚಿನ ಹಸಿರಿಗೆ ಈಸಿ, ಯೂನಿವರ್ಸಲ್, ಅಡ್ವಾನ್ಸ್ಡ್ ಅಂತ ಹೆಸರಿಟ್ಟಿದ್ದಾರೆ. ಬಾಲದಲ್ಲಿ ಆರ್.ಇ. ಇದ್ದರೆ ಮಷೀನು ಉಲ್ಟಾನೂ ತಿರುಗುತ್ತದೆ, ಸ್ಪೀಡೂ ಬೆರಳಿನಲ್ಲಿ ಹೆಚ್ಚು ಕಮ್ಮಿ ಆಗುತ್ತದೆ ಅಂತ ಅರ್ಥ. ಹಸಿರು ಕೆಟ್ಟದ್ದು ಅಂತ ಯಾರೂ ಹೇಳಬೇಕಿಲ್ಲ. ತಿಂಗಳಿಗೆ ನಾಲ್ಕು ತೂತು ಹೊಡೆಯುವವನಿಗೆ ಅದು ಸಾಕೋ ಸಾಕು. ಬೆಳಿಗ್ಗೆಯಿಂದ ಸಂಜೆತನಕ ಕಿಟಕಿ ಕೂರಿಸುವವನು ಅದನ್ನು ಕೊಂಡರೆ, ಮದುವೆಮನೆ ಅಡಿಗೆಗೆ ಮನೆಯ ಮಿಕ್ಸಿ ತಂದಿಟ್ಟ ಹಾಗೆ.

ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್, ಡಿವಾಲ್ಟ್ ಮೂರೂ ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ಬೇರೆ ಬೆಲೆಗೆ ಬರುತ್ತವೆ. ಮೂರರ ಯಜಮಾನ ಒಬ್ಬನೇ. ಸ್ಟ್ಯಾನ್ಲಿಯೂ ಬ್ಲ್ಯಾಕ್ ಅಂಡ್ ಡೆಕರೂ 2010ರಲ್ಲಿ ಒಂದಾದವು. ಇದರ ಹಿಂದೆ ಒಂದು ತಮಾಷೆಯ ಕತೆ ಇದೆ. ಕೈಯಲ್ಲಿ ಪಿಸ್ತೂಲಿನಂತೆ ಹಿಡಿದು ಕುದುರೆ ಒತ್ತುವ ಡ್ರಿಲ್ಲಿಗೆ 1917ರಲ್ಲಿ ಪೇಟೆಂಟ್ ಪಡೆದವರೇ ಬ್ಲ್ಯಾಕ್ ಅಂಡ್ ಡೆಕರ್. ಆಮೇಲೆ ಅವರು ಮನೆಬಳಕೆಯ ಸಾಮಾನನ್ನೂ ಮಾಡುತ್ತಾ ಹೋದರು. ಕೊನೆಗೆ ಅಮೆರಿಕದ ಬಡಗಿಗಳು "ನಮ್ಮ ಹೆಂಡ್ತಿ ಅಡಿಗೆಮನೆಯಲ್ಲಿ ಇರೋ ಹೆಸರು ನಮ್ಮ ಕೈಯಲ್ಲಿ ಯಾಕೆ" ಅಂತ ಮೂಗು ಮುರಿದರು. ಮಾಲು ಚೆನ್ನಾಗಿದ್ದರೂ ಮಾರಾಟ ಆಗದು. ಕಂಪನಿ 1992ರಲ್ಲಿ ಏನು ಮಾಡಿತು? ತಾನು 1960ರಲ್ಲಿ ಕೊಂಡಿಟ್ಟಿದ್ದ ಡಿವಾಲ್ಟ್ ಅನ್ನುವ ಹಳೆಯ ಹೆಸರನ್ನು ಧೂಳು ಕೊಡವಿ ಎತ್ತಿ, ಕೆಲಸಗಾರರ ಮಷೀನುಗಳಿಗೆ ಹಳದಿ ಬಣ್ಣ ಬಳಿದು ಮಾರಿತು. ಎತ್ತಿಕೊಂಡು ಹೋದರು ನೋಡಿ ಜನ! ಹೆಸರಿಗೂ ಬಣ್ಣಕ್ಕೂ ಇಷ್ಟು ಬೆಲೆ ಇರುವ ವ್ಯಾಪಾರ ಇದು.

ಹೋಮ್ ಡಿಪೋದಲ್ಲೂ ಅಷ್ಟೇ. ಹಾಂಕಾಂಗಿನ ಟೆಕ್‌ಟ್ರಾನಿಕ್ ಅನ್ನುವ ಒಂದೇ ಕಂಪನಿಯ ಎರಡು ಮಾಲು ಅಲ್ಲಿ ಅಕ್ಕಪಕ್ಕ ಕೂತಿರುತ್ತವೆ: ರಿಯೋಬಿ ಮನೆಯವರಿಗೆ, 2005ರಲ್ಲಿ ಕೊಂಡ ಮಿಲ್ವಾಕೀ ಮೇಸ್ತ್ರಿಗಳಿಗೆ. ಅಂಗಡಿ ಒಂದೇ, ಯಜಮಾನ ಒಬ್ಬನೇ, ಮಾಲು ಎರಡು ತರಗತಿ. ಹಾಗಿರುವಾಗ "ದೊಡ್ಡ ಅಂಗಡಿ ಮಾಲು" ಅಂತ ಸಾರಾಸಗಟು ತೀರ್ಪು ಕೊಡುವುದು ಹೇಗೆ?

ಬಿಚ್ಚಿದರೆ ಗೊತ್ತಾಗುತ್ತೆ

ಗುಣ ಎಲ್ಲಿರುತ್ತದೆ ಅಂತ ಕೇಳಿದರೆ ರೀವೈಂಡಿಂಗ್ ಅಂಗಡಿಯ ಹುಡುಗನಿಗೆ ಗೊತ್ತು. ಹೊರಗಿನ ಪ್ಲಾಸ್ಟಿಕ್ಕಿನಲ್ಲಲ್ಲ. ಆರ್ಮೇಚರ್ರಿನ ಎರಡು ತುದಿಗೆ ಬಾಲ್ ಬೇರಿಂಗು ಇದೆಯೋ, ಬರೀ ಬುಷ್ ಇದೆಯೋ? ಗೇರು ಉಕ್ಕಿನದೋ, ನೈಲಾನಿನದೋ? ಗೇರಿನ ಪೆಟ್ಟಿಗೆ ಅಲ್ಯೂಮಿನಿಯಮ್ಮೋ, ಪ್ಲಾಸ್ಟಿಕ್ಕೋ? ಸುತ್ತಿರುವ ತಂತಿ ಪೂರ್ತಿ ತಾಮ್ರವೋ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಮ್ಮೋ? ಕಾರ್ಬನ್ ಬ್ರಷ್ ಸವೆದಾಗ ಹೊರಗಿಂದಲೇ ಮುಚ್ಚಳ ತಿರುಗಿಸಿ ಬದಲಾಯಿಸಬಹುದೋ, ಇಡೀ ಮಷೀನು ಬಿಚ್ಚಬೇಕೋ? ವೈರು ದಪ್ಪ ರಬ್ಬರಿನದೋ, ಚಳಿಗೆ ಕಡ್ಡಿಯಾಗುವ ಪಿ.ವಿ.ಸಿ.ಯೋ? ಮನೆಬಳಕೆಯ ಅಗ್ಗದ ಮಷೀನಿನಲ್ಲಿ ಕಂಪನಿ ಕಾಸು ಉಳಿಸುವುದು ಇಂಥಲ್ಲೇ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹೊಡೆದಿರುವ ವ್ಯಾಟನ್ನು ನೋಡಿ ಮರುಳಾಗಬೇಡಿ. 600 ವ್ಯಾಟ್ ಅಂದರೆ ಅದು ಪ್ಲಗ್ಗಿನಿಂದ ಎಳೆಯುವ ಕರೆಂಟಿನ ಲೆಕ್ಕ. ಮುಂದಿನ ಚಕ್ಕಿನಲ್ಲಿ ಬರುವ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ, ಅರ್ಧದ ಆಸುಪಾಸು. ಕೆಟ್ಟ ಮೋಟಾರು ಹೆಚ್ಚು ಕರೆಂಟು ತಿಂದು ಅದನ್ನು ಬಿಸಿಯಾಗಿ ಬಿಡುತ್ತದೆ. ಹಾಗಾಗಿ ಹೆಸರಿಲ್ಲದ 800 ವ್ಯಾಟಿನದಕ್ಕಿಂತ ಒಳ್ಳೆಯ 600 ವ್ಯಾಟಿನದೇ ಗೋಡೆಗೆ ಜೋರಾಗಿ ಇಳಿಯಬಹುದು.

ಬ್ಯಾಟರಿ ಮಷೀನಿನದು ಇನ್ನೊಂದು ಜಾದೂ. ಒಂದರ ಮೇಲೆ 18 ವೋಲ್ಟ್, ಪಕ್ಕದ್ದರ ಮೇಲೆ 20 ವೋಲ್ಟ್ ಮ್ಯಾಕ್ಸ್. ಇಪ್ಪತ್ತೇ ದೊಡ್ಡದು ಅಂತ ಎತ್ತಿಕೊಳ್ಳುತ್ತಾರೆ. ಎರಡರ ಒಳಗೂ ಸಾಲಾಗಿ ಐದೇ ಸೆಲ್ಲು. ಒಂದೊಂದು ಸೆಲ್ಲಿಗೆ 3.6 ವೋಲ್ಟಿನಂತೆ ಹಿಡಿದರೆ 18. ಚಾರ್ಜು ತುಂಬಿದ ಹೊಸದರಲ್ಲಿ 4ರಂತೆ ಹಿಡಿದರೆ 20. ಲೆಕ್ಕ ಬರೆದ ರೀತಿ ಬೇರೆ, ಅಷ್ಟೇಯ. ಇನ್ನು ಯಾವ ಊರಿನದೆಂದೂ ಗೊತ್ತಿಲ್ಲದ ಮಷೀನಿನ ಪುಟ್ಟ ಬ್ಯಾಟರಿಯ ಮೇಲೆ 48, 88 ಅಂತ ಅಚ್ಚು ಹೊಡೆದು ಮಾರುವವರೂ ಇದ್ದಾರೆ. ಆ ಗಾತ್ರದಲ್ಲಿ ಅಷ್ಟು ಸೆಲ್ಲು ಹಿಡಿಸುವುದೇ ಇಲ್ಲ.

ಈ ಹೆಸರಿಲ್ಲದವುಗಳ ತವರು ಬಹುಪಾಲು ಚೀನಾ. ಅಲ್ಲಿ ಝೆಜಿಯಾಂಗ್ ಪ್ರಾಂತ್ಯದ ಯೋಂಗ್‌ಕಾಂಗ್ ಅನ್ನುವ ಊರಿಗೆ ಊರೇ ಹಾರ್ಡ್‌ವೇರು ಮಾಡುತ್ತದೆ. ಒಂದೇ ಕಾರ್ಖಾನೆಯಿಂದ ಹೊರಟ ಮಷೀನು ಕೆಂಪು ಬಳಿದರೆ ಒಂದು ಹೆಸರು, ಕಿತ್ತಳೆ ಬಳಿದರೆ ಇನ್ನೊಂದು. ದೊಡ್ಡ ಅಂಗಡಿಯವರೂ ಮೊಬೈಲ್ ವ್ಯಾಪಾರದವರೂ ತಮ್ಮದೇ ಹೆಸರು ಹಾಕಿಸಿಕೊಂಡು ತರಿಸುವುದು ಇಂಥ ಕಾರ್ಖಾನೆಗಳಿಂದಲೇ. ಇಲ್ಲಿ ಮಾತ್ರ ನಮ್ಮ ಅಂಗಡಿಯವರ ಗುಮಾನಿಗೆ ಬೆಲೆ ಇದೆ. ಅಂಗಡಿಯ ಸ್ವಂತ ಹೆಸರಿನ ಮಾಲಿಗೆ ಇವತ್ತು ಒಂದು ಕಾರ್ಖಾನೆ, ಮುಂದಿನ ವರ್ಷ ಇನ್ನೊಂದು. ಆರ್ಮೇಚರ್ ಸುಟ್ಟರೆ ಅದರ ಜೋಡಿ ಸಿಗುವುದು ಲಾಟರಿ ಹೊಡೆದ ಹಾಗೆ.

ಚೀನಾ ಅಂದ ಮಾತ್ರಕ್ಕೆ ಡಬ್ಬಾ ಅನ್ನುವುದೂ ಸರಿಯಲ್ಲ. ದೊಡ್ಡ ಹೆಸರಿನ ಕಂಪನಿಗಳ ಎಷ್ಟೋ ಮಷೀನು ಅಲ್ಲೇ ತಯಾರಾಗುತ್ತವೆ. ದೇಶೀ ಮಾಲೂ ಇದೆ ಅನ್ನುವುದನ್ನು ಮರೆಯಬಾರದು. ಮುಂಬೈಯ ರಾಲಿ ವುಲ್ಫ್ ಅನ್ನು ಹಳೆಯ ಫಿಟ್ಟರುಗಳು ಇವತ್ತಿಗೂ ನೆನೆಯುತ್ತಾರೆ. ನಮ್ಮ ಬೆಳಗಾವಿಯ ಗಡಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಶಿರೋಳದಲ್ಲಿ ಹಿಂದೆ ಕುಲಕರ್ಣಿ ಪವರ್ ಟೂಲ್ಸ್ ಅಂತ ಹೆಸರಿದ್ದ, ಪೇಟೆಯಲ್ಲಿ ಕೆ.ಪಿ.ಟಿ. ಅಂತ ಕರೆಯುವ ಕಂಪನಿಯ ಕಾರ್ಖಾನೆ ಇದೆ.

ಮಷೀನಿನ ತಪ್ಪೇ ಅಲ್ಲ

"ಎರಡೇ ದಿನಕ್ಕೆ ಸುಟ್ಟುಹೋಯ್ತು" ಅಂತ ಬರುವ ದೂರುಗಳಲ್ಲಿ ಎಷ್ಟೋ ಮಷೀನಿನ ತಪ್ಪಲ್ಲ. ಜೆ.ಪಿ. ನಗರದ ಹೊಸ ಅಪಾರ್ಟ್‌ಮೆಂಟುಗಳ ಗೋಡೆ ಹಳೆಯ ಜಯನಗರದ ಇಟ್ಟಿಗೆ ಗೋಡೆಯಲ್ಲ. 1948ರಲ್ಲಿ ಅಸ್ತಿವಾರ ಬಿದ್ದ ಬಡಾವಣೆಯಲ್ಲಿ ಕಟ್ಟಿದ ಹಳೆಯ ಮನೆಗೆ ಸಾಮಾನ್ಯ ಡ್ರಿಲ್ಲು ಬೆಣ್ಣೆಗಿಳಿದ ಹಾಗೆ ಇಳಿಯುತ್ತದೆ. ಹೊಸದರಲ್ಲಿ ಕೈಯಿಟ್ಟಲ್ಲೆಲ್ಲ ಆರ್.ಸಿ.ಸಿ. ಕರ್ಟನ್ ರಾಡಿಗೆ ತೂತು ಬೇಕಾಗುವ ಜಾಗ ಸರಿಯಾಗಿ ತೊಲೆಯ ಮೇಲೇ ಬರುತ್ತದೆ. ಅಲ್ಲಿ ಸಾದಾ ಇಂಪ್ಯಾಕ್ಟ್ ಡ್ರಿಲ್ಲು ಇಟ್ಟು ಎದೆಯ ಭಾರ ಹಾಕಿ ಒತ್ತಿದರೆ ಜರ್ಮನಿಯದಾದರೂ ಹೊಗೆ ಬಿಡುತ್ತದೆ. ಆ ಕೆಲಸಕ್ಕೆ ಬೇಕಾದದ್ದು ರೋಟರಿ ಹ್ಯಾಮರ್ರು, ಒಳಗೇ ಸುತ್ತಿಗೆಯಂತೆ ಹೊಡೆಯುವಂಥದ್ದು. ಅದರ ಬಿಟ್ಟು ಕೂಡ ಬೇರೆ. ಬುಡದಲ್ಲಿ ಗಾಡಿ ಇರುವ ಎಸ್.ಡಿ.ಎಸ್. ಬಿಟ್ಟನ್ನು 1975ರಲ್ಲಿ ಬಾಷ್ ತಂದಿತು.

ಎರಡನೆಯದು ಎಕ್ಸ್‌ಟೆನ್ಷನ್ ವೈರು. ಟೇಬಲ್ ಫ್ಯಾನಿಗೆ ಹಾಕುವ ತೆಳ್ಳನೆ ವೈರನ್ನು ಮೂರು ಮಹಡಿ ಎಳೆದು ಗ್ರೈಂಡರ್ ಓಡಿಸಿದರೆ ತುದಿಯಲ್ಲಿ ವೋಲ್ಟೇಜು ಉಳಿಯುವುದಿಲ್ಲ. ಮಷೀನು ಸೊರಗುತ್ತದೆ, ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ಅದು ಸಿಕ್ಕಿಹಾಕಿಕೊಂಡು ಕರೆಂಟು ಎಳೆದು ಸುಡುತ್ತದೆ. ಬೈಗುಳ ಮಾತ್ರ ಅಂಗಡಿಯವನಿಗೆ.

ಗ್ರೈಂಡರಿನ ಬಗ್ಗೆ ಒಂದು ಮಾತು ಖಡಾಖಂಡಿತ ಹೇಳಲೇಬೇಕು. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತಿನ ಮೇಲೆ ತಿರುಗುತ್ತದೆ. ಡಿಸ್ಕಿನ ಮೇಲೆ ಅದು ತಾಳುವ ಸುತ್ತು ಅಚ್ಚಾಗಿರುತ್ತದೆ. ನಾಲ್ಕಿಂಚಿನದಕ್ಕೆ ಸಾಮಾನ್ಯವಾಗಿ 15,300ರ ಹತ್ತಿರ, ಏಳಿಂಚಿನದಕ್ಕೆ 8,500ರ ಹತ್ತಿರ. ಗಾರ್ಡು ಕಿತ್ತೆಸೆದು ಚಿಕ್ಕ ಮಷೀನಿಗೆ ದೊಡ್ಡ ಡಿಸ್ಕು ಹಾಕುವ ಚಾಳಿ ನಮ್ಮಲ್ಲಿ ಇದೆಯಲ್ಲ, ಲೆಕ್ಕ ನೀವೇ ಹಾಕಿ. ಡಿಸ್ಕು ಒಡೆದರೆ ಚೂರು ಹಾರುವುದು ಮುಖದ ಕಡೆಗೇ. ಡಿಸ್ಕಿಗೂ ಬಿಸ್ಕತ್ತಿನ ಹಾಗೆ ಮುಗಿಯುವ ತಾರೀಖು ಇರುತ್ತದೆ, ನಡುವಿನ ಲೋಹದ ಬಳೆಯ ಮೇಲೆ ನೋಡಿ. ಇದನ್ನು ದೊಡ್ಡ ಅಂಗಡಿಯೂ ಹೇಳುವುದಿಲ್ಲ, ಚಿಕ್ಕ ಅಂಗಡಿಯೂ ಹೇಳುವುದಿಲ್ಲ.

ಇನ್ನೊಂದು: ಎರಡು ಪಿನ್ನಿನ ಪ್ಲಗ್ಗು ಕಂಡಕೂಡಲೇ "ಅರ್ಥಿಂಗ್ ಇಲ್ಲ, ಡಬ್ಬಾ" ಅನ್ನಬೇಡಿ. ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಎರಡು ಪದರದ ಇನ್ಸುಲೇಷನ್ನು, ಅದಕ್ಕೆ ಎರಡು ಪಿನ್ನೇ ಸರಿ. ಮೈಯೆಲ್ಲ ಲೋಹದ ಹಳೆಯ ಮಷೀನಿಗಾದರೆ ಮೂರನೇ ಪಿನ್ನು ಬೇಕೇ ಬೇಕು.

ಬಿಲ್ಲು ಬೇಕಾ, ಕಮ್ಮಿ ಬೇಕಾ?

ಪೇಟೆಯಲ್ಲಿ ಈ ಪ್ರಶ್ನೆ ಕೇಳದೇ ಇರುವವರು ವಿರಳ. ಈ ಮಷೀನುಗಳ ಮೇಲೆ ಜಿ.ಎಸ್.ಟಿ. 18 ಪರ್ಸೆಂಟು. ಬಿಲ್ಲು ಬೇಡ ಅಂದರೆ ಅಷ್ಟು ಉಳಿಯಿತು ಅಂತ ಗಿರಾಕಿಯೂ ಖುಷಿ, ಅಂಗಡಿಯವನೂ ಖುಷಿ. ಆದರೆ ಬಿಲ್ಲಿಲ್ಲದ ಮೇಲೆ ವಾರಂಟಿ ಯಾವ ಬಾಯಲ್ಲಿ ಕೇಳುತ್ತೀರಿ? ಸರ್ವಿಸ್ ಸೆಂಟರಿನವನು ಮೊದಲು ಕೈಚಾಚುವುದೇ ಬಿಲ್ಲಿಗೆ. ನಕಲಿ ಮಾಲು ನುಸುಳುವುದೂ ಇದೇ ಸಂದಿಯಲ್ಲಿ. ದೊಡ್ಡ ಅಂಗಡಿಗೆ ಜನ ಹೋಗುವುದು ಮಾಲಿನ ಮೇಲಿನ ಪ್ರೀತಿಗಲ್ಲ, ಈ ಬಿಲ್ಲಿಗೆ. ನಮ್ಮ ವರ್ತಕ ಬಂಧುಗಳು ಕೋಪ ಮಾಡಿಕೊಳ್ಳಬಾರದು. ಗಿರಾಕಿಯನ್ನು ಕೈಯಾರೆ ಅಲ್ಲಿಗೆ ಕಳಿಸಿದವರಲ್ಲಿ ಅವರೂ ಇದ್ದಾರೆ.

ವಾರಂಟಿಯ ಕಾಗದವನ್ನು ಪೂರ್ತಿ ಓದಿದವರು ಯಾರಿದ್ದಾರೆ ಹೇಳಿ? ಕಾರ್ಬನ್ ಬ್ರಷ್‌ನಂಥ ಸವೆಯುವ ಸಾಮಾನು ಅದರಲ್ಲಿ ಸೇರುವುದಿಲ್ಲ, ಅದು ಬಿಡಿ. ಮನೆಬಳಕೆಯ ಮಷೀನಿನ ಕಾಗದದಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ: ವೃತ್ತಿಗೆ ಬಳಸಿದರೆ ವಾರಂಟಿ ರದ್ದು. ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಆಫರಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬಡಗಿ ತಗೊಂಡು ಹೋಗುತ್ತಾನೆ. ಮೂರು ತಿಂಗಳಿಗೆ ಕೆಟ್ಟಿತು ಅಂತ ತಂದರೆ, ಒಳಗೆ ತುಂಬಿದ ಮರದ ಹುಡಿ ನೋಡಿ "ಇದು ಮನೆ ಕೆಲಸ ಅಲ್ಲ" ಅಂತ ವಾಪಸು ಕಳಿಸುತ್ತಾರೆ. ಮಾಲು ಕಳಪೆ ಅಂತ ಹೇಳಲಾಗದು, ಮೋಸ ಅಂತಲೂ ಹೇಳಲಾಗದು. ಹೋದದ್ದು ಮಾತ್ರ ಅವನ ದುಡ್ಡು. ದೊಡ್ಡ ಅಂಗಡಿಯಲ್ಲಿ ನಡೆಯುವ ನಿಜವಾದ ಅನ್ಯಾಯ ಇದು: ಯಾರಿಗೆ ಯಾವ ಮಷೀನು ಅಂತ ಕೇಳುವ ಮನುಷ್ಯನೇ ಅಲ್ಲಿರುವುದಿಲ್ಲ. ಬಕೆಟ್ಟಿನ ಪಕ್ಕ ಡ್ರಿಲ್ಲು, ಡ್ರಿಲ್ಲಿನ ಪಕ್ಕ ಪೊರಕೆ. ಅವತ್ತು ಪೊರಕೆ ಮಾರಿದ ಹುಡುಗನೇ ಡ್ರಿಲ್ಲಿಗೂ ಉತ್ತರ ಹೇಳಬೇಕು.

ಇಲ್ಲೇ ಕೆಲಸಗಾರರು ತಿಳಿದಿರಬೇಕಾದ ಕಾನೂನು ಒಂದಿದೆ. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, 1986ರ ಹಳೆಯದಿರಲಿ 2019ರ ಈಗಿನದಿರಲಿ, ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕ ಅಲ್ಲ. ಹಾಗಾದರೆ ಬಡಗಿಯ ಗತಿ? ಅದೇ ಕಾಯ್ದೆಯಲ್ಲಿ ವಿವರಣೆಯೂ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ತಾನೇ ಬಳಸುವವನು ಗ್ರಾಹಕನೇ. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಆ ಮೊಕದ್ದಮೆಯ ಕಾರ್ಖಾನೆಯವರು ಸೋತರು, ಅವರದು ವ್ಯಾಪಾರ ಅಂತ. ಆದರೆ ಲೇತ್ ಕೊಂಡು ತಾನೇ ನಡೆಸುವವನು, ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕ ಅಂತ ಕೋರ್ಟು ಉದಾಹರಣೆ ಕೊಟ್ಟಿತು. ಕೈಕೆಳಗೆ ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡರೂ ಹಕ್ಕು ಹೋಗುವುದಿಲ್ಲ ಅಂತಲೂ ಹೇಳಿತು. ಹತ್ತು ಜನರನ್ನು ಇಟ್ಟು ಕೆಲಸ ತೆಗೆಸುವ ಕಂಟ್ರಾಕ್ಟರು ಈ ಮಾತು ಹಿಡಿದು ನೇತಾಡುವುದು ಕಷ್ಟ. ಒಬ್ಬನೇ ಡ್ರಿಲ್ಲು ಹೊತ್ತು ಬಸ್ಸು ಹತ್ತುವವನು ಧೈರ್ಯವಾಗಿ ಕೇಳಬಹುದು. ಫೋನು ನಂಬರು 1915. ಜಿಲ್ಲಾ ಆಯೋಗಕ್ಕೆ ಹೋಗುವುದಾದರೆ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಫೀಸಿಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹೋಗಬೇಕು. ಬಿಲ್ಲು ಇರಬೇಕು, ಮತ್ತೆ ಹೇಳುತ್ತೇನೆ.

ಡಬ್ಬಿಯ ಮೇಲೂ ಕಣ್ಣಾಡಿಸಿ. ತಯಾರಿಸಿದವನ ಅಥವಾ ಆಮದು ಮಾಡಿದವನ ಹೆಸರು ವಿಳಾಸ, ತಿಂಗಳು, ವರ್ಷ, ಎಂ.ಆರ್.ಪಿ., ದೂರು ಹೇಳಲು ಫೋನು, ಹೊರಗಿನ ಮಾಲಾದರೆ ಯಾವ ದೇಶದ್ದು ಅನ್ನುವುದು, ಇಷ್ಟೂ ಇರಬೇಕು ಅಂತ 2011ರ ತೂಕ ಅಳತೆ ನಿಯಮ ಹೇಳುತ್ತದೆ. ಇದ್ಯಾವುದೂ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ಕೈ ಹಾಕಬೇಡಿ.

ಚಿಕ್ಕ ಅಂಗಡಿಯ ಬಂಡವಾಳ

ಬೆಲೆಯಲ್ಲಿ ಚಿಕ್ಕ ಅಂಗಡಿ ಗೆಲ್ಲುವುದು ಕಷ್ಟ. ಒಂದೇ ಏಟಿಗೆ ಸಾವಿರ ಮಷೀನು ಎತ್ತುವವನಿಗೆ ಕಂಪನಿ ಕೊಡುವ ರೇಟು ಬೇರೆ, ಆರು ಮಷೀನು ಎತ್ತುವವನಿಗೆ ಬೇರೆ. ಆದರೆ ಮಷೀನಿನ ಡಬ್ಬಿ ಬಿಚ್ಚಿ, ಪ್ಲಗ್ಗಿಗೆ ಹಾಕಿ, ಗಿರ್ರೆನಿಸಿ, ಕಿವಿಗೊಟ್ಟು ಕೇಳಿಸಿ ಕೊಡುವುದು ಚಿಕ್ಕ ಅಂಗಡಿಯಲ್ಲೇ. "ಏನ್ ಕೆಲ್ಸಕ್ಕಣ್ಣ?" ಅಂತ ಕೇಳುವುದು ಅಲ್ಲೇ. ಶನಿವಾರ ಬಟವಾಡೆ ಆದಮೇಲೆ ಕೊಡು ಅಂತ ಉದ್ರಿ ಬರೆದುಕೊಳ್ಳುವುದು ಅಲ್ಲೇ. ಹಗಲೆಲ್ಲ ಕೆಲಸ ಇದ್ದಾಗ ಬ್ರಷ್ ಸವೆದರೆ ಹತ್ತು ನಿಮಿಷದಲ್ಲಿ ಕೈಗೆ ಸಿಗುವುದೂ ಅಲ್ಲೇ. ಈ ಬಂಡವಾಳ ಬಿಟ್ಟು ಪಕ್ಕದವನ ಮಾಲು ಸೆಕೆಂಡ್ಸ್ ಅಂತ ಹೇಳುತ್ತಾ ಕೂರುವುದು ಯಾಕೋ ತಿಳಿಯದು. ಗಿರಾಕಿ ಮೊಬೈಲು ತೆಗೆದು ನಂಬರು ಹೊಂದಿಸಿ ನೋಡಿದರೆ ಮಾತು ಸುಳ್ಳಾಗುತ್ತದೆ. ಆಮೇಲೆ ನಿಜ ಹೇಳಿದರೂ ನಂಬುವುದಿಲ್ಲ.

ಬಾಡಿಗೆಗೆ ಮಷೀನು ಕೊಡುವವರೂ ಇದ್ದಾರೆ. ವರ್ಷಕ್ಕೊಮ್ಮೆ ಆರ್.ಸಿ.ಸಿ. ಒಡೆಯುವ ಕೆಲಸ ಬಂದರೆ ದೊಡ್ಡ ಬ್ರೇಕರ್ರು ಕೊಳ್ಳುವುದಕ್ಕಿಂತ ಒಂದು ದಿನಕ್ಕೆ ಬಾಡಿಗೆಗೆ ತರುವುದೇ ಲಾಭ. ಅಡ್ವಾನ್ಸು ಕೊಡುವಾಗ ಮಾತ್ರ ವೈರು ಎಲ್ಲಿ ಗಂಟುಹಾಕಿದೆ ಅಂತ ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಆಮೇಲೆ ಅದನ್ನು ನಿಮ್ಮ ತಲೆಗೇ ಕಟ್ಟುತ್ತಾರೆ.

ಇನ್ನು ಕೊಳ್ಳಲು ಹೋಗುವವರು ದೊಡ್ಡ ಅಂಗಡಿಯಾಗಲಿ ಚಿಕ್ಕದಾಗಲಿ, ಬೆಲೆ ಕೇಳುವ ಮುಂಚೆ ಮೂರು ಮಾತು ಕೇಳಿ: ಇದರ ಆರ್ಮೇಚರ್ರು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ? ಸರ್ವಿಸ್ ಸೆಂಟರು ಯಾವ ರಸ್ತೆಯಲ್ಲಿದೆ, ಅಲ್ಲಿಗೆ ಯಾವ ಬಸ್ಸು? ದಿನವಿಡೀ ಓಡಿಸಿದರೆ ವಾರಂಟಿ ಉಳಿಯುತ್ತಾ? ಮೂರಕ್ಕೂ ಉತ್ತರ ಹೇಳಿದವನು ಇನ್ನೂರು ರೂಪಾಯಿ ಜಾಸ್ತಿ ಕೇಳಿದರೂ ಕೊಟ್ಟು ಬನ್ನಿ, ಬಿಲ್ಲಿನ ಮೇಲೆ ಆ ಮಾಡೆಲ್ ನಂಬರನ್ನು ಬಾಲದ ಸಮೇತ ಬರೆಸಿಕೊಂಡು.